ನಂದಿ ಮರದ ಪೊಟರೆಗೆ ಹತ್ತು ಸಸಿ ಸಮವೇ? ಖಾನಾಪುರದ ಹಳೆಯ ಕಾಡು ಮತ್ತು ಅದನ್ನು ನಂಬಿದ ಪ್ರಾಣಿಗಳ ಕುರಿತು ಚರ್ಚೆ

ಖಾನಾಪುರದ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಜಾಂಬೋಟಿಯಿಂದ ಪಶ್ಚಿಮಕ್ಕೆ ಹೋಗುವ ಒಳರಸ್ತೆಯೊಂದರ ಅಂಚಿನಲ್ಲಿ, ನಮ್ಮ ಮಾವನವರ ಗದ್ದೆಯ ಬದುವಿಗೆ ಹೊಂದಿಕೊಂಡು, ಒಂದು ಹಳೆಯ ನಂದಿ ಮರವಿದೆ. ನಮ್ಮಲ್ಲಿ ಮರಾಠಿ ಮಾತಾಡುವವರು ಇದನ್ನೇ ನಾನಾ ಎನ್ನುತ್ತಾರೆ. ಹೋದ ವಾರ ಹೋಗಿ ನೋಡಿದರೆ ಅದರ ಬಿಳಿಚಿದ ನುಣುಪು ತೊಗಟೆಯ ಮೇಲೆ ಕೆಂಪು ಬಣ್ಣದಲ್ಲಿ 17 ಎಂದು ಬರೆದಿದ್ದಾರೆ. ರಸ್ತೆ ಅಗಲವಾಗಲಿದೆಯಂತೆ. ಅಳತೆ ಮಾಡುತ್ತಿದ್ದ ಹುಡುಗನನ್ನು ಕೇಳಿದೆ. "ಸರ್, ಒಂದು ಗಿಡ ಕಡದ್ರ ಹತ್ತು ಸಸಿ ಹಚ್ತೀವ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ.

ಮರವನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಟೇಪು ಸುತ್ತಿ ಅಳೆದೆ. ಸುತ್ತಳತೆ 3 ಮೀಟರ್ 85 ಸೆಂಟಿಮೀಟರ್ ಬಂತು. ಸುಮಾರು ಮೂರಾಳೆತ್ತರದಲ್ಲಿ, ಯಾವುದೋ ಕಾಲದ ಗಾಳಿಗೆ ದೊಡ್ಡ ಕೊಂಬೆ ಮುರಿದು ಬಿದ್ದ ಜಾಗದಲ್ಲಿ ಒಂದು ಪೊಟರೆಯಿದೆ. ದುರ್ಬೀನಿನಲ್ಲಿ ನೋಡಿದರೆ ಅದರ ಬಾಯಿಯ ಕೆಳಗಿನ ಅಂಚು ನಮ್ಮ ಹಳೆಯ ಮನೆಯ ಹೊಸ್ತಿಲಿನಂತೆ ಸವೆದು, ಎಣ್ಣೆ ಸವರಿದ ಹಾಗೆ ಕಪ್ಪಾಗಿ ಮಿನುಗುತ್ತದೆ, ಅದರ ಕೆಳಗೆ ತೊಗಟೆಯ ಮೇಲೆ ಉಗುರಿನ ಗೀರುಗಳಿವೆ. ಆ ಪೊಟರೆಯಿಂದ ಕತ್ತಲಾಗುವ ಹೊತ್ತಿಗೆ ಹಾರುಬೆಕ್ಕು ಹೊರಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ಹಾರುಬೆಕ್ಕು ಎನ್ನುವುದು ರೂಢಿಯ ಹೆಸರು, ಅದು ಬೆಕ್ಕಲ್ಲ, ದೊಡ್ಡ ಜಾತಿಯ ಹಾರುವ ಅಳಿಲು.

ನನ್ನ ಪ್ರಶ್ನೆ ಇಷ್ಟೇ. ಒಂದಕ್ಕೆ ಹತ್ತು ಎಂಬ ಲೆಕ್ಕದಲ್ಲಿ ಈ ಪೊಟರೆ ಎಲ್ಲಿ ಬರುತ್ತದೆ? ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನಾದರೂ ನನಗೆ ಇದರ ಉತ್ತರ ಸ್ಪಷ್ಟವಾಗಿಲ್ಲ. ಬಲ್ಲವರು ದಯವಿಟ್ಟು ಬರೆಯಬೇಕು.

ಟಿಳಕವಾಡಿ ಓದುಗ

ಗುರುಗಳೇ, ನಿಮ್ಮ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಮತ್ತೊಂದು ಮುಖವನ್ನೂ ಹೇಳಬೇಕಲ್ಲವೇ? ಮಳೆಗಾಲದಲ್ಲಿ ಆ ಭಾಗದ ರಸ್ತೆಗಳ ಸ್ಥಿತಿ ಎಲ್ಲರಿಗೂ ಗೊತ್ತು. ಕಾಡುಪ್ರಾಣಿಗೆ ಕಾಲಿದೆ, ಹಾರುವ ಅಳಿಲಿಗಂತೂ ಜಾರುವ ಚರ್ಮವಿದೆ. ಎರಡು ಫರ್ಲಾಂಗು ಆಚೆ ಕಾಡೇ ಇರುವಾಗ ಅದು ಇನ್ನೊಂದು ಮರ ಹುಡುಕಿಕೊಳ್ಳುವುದಿಲ್ಲವೇ? ದೇಶದ ಅರಣ್ಯ ವರದಿಗಳಲ್ಲಿ ಹಸಿರು ಹೊದಿಕೆ ಹೆಚ್ಚುತ್ತಿದೆ ಎಂದು ಆಗಾಗ ಓದುತ್ತೇವೆ. ಒಂದು ಮರದ ಬಗ್ಗೆ ಇಷ್ಟು ಚಿಂತಿಸುವುದು ಭಾವುಕತೆಯಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ ಫಾರೆಸ್ಟರ್

ಓದುಗರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಇದನ್ನೇ ನಾನೂ ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮ ರೇಂಜಿನ ಹಿರಿಯ ವಾಚರ್ ಒಬ್ಬರನ್ನು ಕೇಳಿದ್ದೆ. ಅವರು ನನ್ನನ್ನು ಒಂದು ಸಾಗುವಾನಿ ಪ್ಲಾಂಟೇಶನ್ನಿಗೆ ಕರೆದುಕೊಂಡು ಹೋಗಿ, "ಸಾಹೇಬ್ರ, ಇದರಾಗ ಒಂದು ಪೊಟರಿ ತೋರಸ್ರಿ, ನಾ ನೌಕರಿ ಬಿಡ್ತೀನಿ" ಎಂದರು. ಸಾಲಾಗಿ ನಿಂತ ಒಂದೇ ವಯಸ್ಸಿನ, ಒಂದೇ ದಪ್ಪದ ಮರಗಳ ನಡುವೆ ಅರ್ಧ ದಿನ ತಿರುಗಿದೆ. ಒಂದೂ ಸಿಗಲಿಲ್ಲ. ಅವರ ನೌಕರಿ ಉಳಿಯಿತು.

ಪೊಟರೆ ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉತ್ತರ ಅಲ್ಲೇ ಇದೆ. ಮುಂಗಾರಿನ ಗಾಳಿಗೆ ಕೊಂಬೆ ಸೀಳುತ್ತದೆ, ಅಥವಾ ಬೆಂಕಿ ಬುಡವನ್ನು ಸುಡುತ್ತದೆ, ಅಥವಾ ಪಕ್ಕದ ಮರ ಬೀಳುವಾಗ ತೊಗಟೆ ಕಿತ್ತು ಹೋಗುತ್ತದೆ. ಆ ಗಾಯದೊಳಗೆ ನೀರು ನಿಲ್ಲುತ್ತದೆ, ಶಿಲೀಂಧ್ರ ಹತ್ತುತ್ತದೆ. ಮರದ ನಡುವಿನ ಕೆಚ್ಚು ಜೀವವಿಲ್ಲದ ಭಾಗವಾದ್ದರಿಂದ ಶಿಲೀಂಧ್ರ ಅದನ್ನು ನಿಧಾನವಾಗಿ ಮೆತ್ತಗೆ ಮಾಡುತ್ತ ಹೋದರೂ, ಹೊರಗಿನ ಜೀವಂತ ಪದರ ತನ್ನ ಪಾಡಿಗೆ ನೀರು ಏರಿಸುತ್ತ, ಚಿಗುರುತ್ತ, ಕಾಯಿ ಬಿಡುತ್ತ ಇರುತ್ತದೆ. ಹಾಗಾಗಿ ಒಳಗೆ ಟೊಳ್ಳಾದ ಮರ ಸತ್ತ ಮರವಲ್ಲ, ಅದು ಹಾಗೆಯೇ ಎಷ್ಟೋ ದಶಕ ಬಾಳುತ್ತದೆ. ಮೆತ್ತಗಾದ ಜಾಗವನ್ನು ಮರಕುಟಿಗ, ಕುಟ್ರುಹಕ್ಕಿಗಳು ಕುಕ್ಕಿ ತೂತು ಮಾಡುತ್ತವೆ, ಅವು ಬಿಟ್ಟುಹೋದದ್ದನ್ನು ಮತ್ತೊಂದು ಪ್ರಾಣಿ ಹಿಡಿಯುತ್ತದೆ. ಕುಟ್ರುಹಕ್ಕಿಯ ತೂತು ನಮ್ಮ ಮೂರುಗೀರಿನ ಅಳಿಲಿಗೆ ಸಾಕಾಗಬಹುದು. ಬೆಕ್ಕಿನ ಗಾತ್ರದ ಹಾರುವ ಅಳಿಲು ಮರಿಯೊಂದಿಗೆ ಮಲಗಬೇಕಾದರೆ ಒಳಗೆ ಒಂದು ಸಣ್ಣ ಕೋಣೆಯೇ ಬೇಕು, ಅಷ್ಟು ಟೊಳ್ಳಾದ ಮೇಲೂ ನೆಟ್ಟಗೆ ನಿಲ್ಲಬೇಕಾದರೆ ಮರ ಅಷ್ಟು ದಪ್ಪವಿರಬೇಕು, ಅಷ್ಟು ದಪ್ಪವಾಗಲು ಎರಡು ಮೂರು ತಲೆಮಾರು ಬೇಕು. ಇವತ್ತು ನೆಟ್ಟ ಹತ್ತು ಸಸಿಗಳಲ್ಲಿ ಹತ್ತೂ ಬದುಕಿದರೂ ನಿಮ್ಮ ಮೊಮ್ಮಗನ ಕಾಲಕ್ಕೆ ಅವು ಹತ್ತು ಕಂಬಗಳಾಗಿರುತ್ತವೆ.

ನಮ್ಮ ಇಲಾಖೆಯ ಹಳೆಯ ಪದ್ಧತಿಯ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾಟಾಕ್ಕೆ ಬಾರದ ಪೊಳ್ಳು ಮರ, ಒಣಗಿ ನಿಂತ ಮರ, ಗಾಳಿಗೆ ಬಿದ್ದ ಮರ ಇವನ್ನೆಲ್ಲ ತೆಗೆದು ಕಾಡನ್ನು "ಸ್ವಚ್ಛ" ಮಾಡುವುದೇ ಒಳ್ಳೆಯ ಕೆಲಸ ಎಂದು ನಮಗೆ ಕಲಿಸಿದ್ದರು. 2000ನೇ ಇಸವಿಯ ಫೆಬ್ರವರಿಯಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಷ್ಟ್ರೀಯ ಉದ್ಯಾನ ಮತ್ತು ವನ್ಯಧಾಮಗಳ ಒಳಗಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಕೂಡದು ಎಂದು ಆದೇಶಿಸಿದಾಗ ನಮ್ಮಲ್ಲಿ ಅನೇಕರು ಗೊಣಗಿದ್ದುಂಟು, ನಾನೂ ಗೊಣಗಿದ್ದೆ. ಈಗ ಯೋಚಿಸಿದರೆ ಆ ಆದೇಶ ಬಂದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಆದರೆ ಗುರುಗಳ ಮರ ವನ್ಯಧಾಮದ ಗಡಿಯ ಹೊರಗಿದೆ, ಆ ರಕ್ಷಣೆ ಅದಕ್ಕಿಲ್ಲ.

ಮರಬೆಕ್ಕಿನ ಬೆನ್ನುಹತ್ತಿ

ಫಾರೆಸ್ಟರ್ ಕಾಕಾ ಅವರ ಮಾತಿಗೆ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ನಾನು ಬೆಳಗಾವಿಯವಳು, ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಈಗ ಸಸ್ತನಿಗಳ ಸಮೀಕ್ಷೆಯಲ್ಲಿ ಕೆಲಸ ಮಾಡುತ್ತಿದ್ದೇನೆ.

ಮೊದಲು ಓದುಗರು ಎತ್ತಿದ ಹಸಿರು ಹೊದಿಕೆಯ ವಿಷಯ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ನೆರಳು ಬಿದ್ದರೆ ಅದು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಬರುತ್ತದೆ. ಅಲ್ಲಿರುವುದು ನಮ್ಮ ಭೀಮಗಡ ವನ್ಯಧಾಮದ ನೇರಳೆ, ಅಂಜನ ಮರಗಳೋ, ಅಕೇಶಿಯಾ ನೆಡುತೋಪೋ, ಮಾವಿನ ತೋಟವೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಉಪಗ್ರಹಕ್ಕೆ ಹಸಿರು ಕಾಣುತ್ತದೆ, ಪೊಟರೆ ಕಾಣುವುದಿಲ್ಲ.

ಇನ್ನು ಪ್ರಾಣಿಗಳ ವಿಷಯ. "ಹಳೆಯ ಕಾಡನ್ನು ನಂಬಿದ ಪ್ರಾಣಿ" ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬಾರದು, ಏಕೆಂದರೆ ಒಂದೊಂದರ ಅವಲಂಬನೆ ಒಂದೊಂದು ಬಗೆಯದು. ಹಾರುವ ಅಳಿಲಿಗೆ ಬೇಕಾದದ್ದು ಪೊಟರೆ. ಕೆಂಜಳಿಲಿಗೆ, ಅಂದರೆ ನಮ್ಮ ಕಡೆಯ ಶೇಕರುವಿಗೆ, ಪೊಟರೆ ಅಷ್ಟು ಮುಖ್ಯವಲ್ಲ. ಅದು ಎಲೆ, ಕಡ್ಡಿಗಳನ್ನು ಹೆಣೆದು ಫುಟ್‌ಬಾಲಿಗಿಂತ ದೊಡ್ಡದಾದ ಗೂಡನ್ನು ಎತ್ತರದ ಮರದ ಕವಲಿನಲ್ಲಿ ಕಟ್ಟುತ್ತದೆ, ಒಂದೇ ಅಳಿಲಿಗೆ ಹಲವು ಗೂಡುಗಳಿರುತ್ತವೆ. ಅದಕ್ಕೆ ಬೇಕಾದದ್ದು ನೆತ್ತಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ಕೊಂಬೆಗಳ ದಾರಿ. ಅದು ನೆಲಕ್ಕೆ ಇಳಿಯುವುದು ಬಹಳ ಅಪರೂಪ, ಮರದಿಂದ ಮರಕ್ಕೆ ಸುಮಾರು 6 ಮೀಟರಿನವರೆಗೆ ನೆಗೆಯಬಲ್ಲದು. ಅದಕ್ಕಿಂತ ದೊಡ್ಡ ಕಂಡಿ ಬಿದ್ದರೆ ಅದರ ಪಾಲಿಗೆ ಕಾಡು ಅಲ್ಲಿಗೆ ಮುಗಿಯಿತು. ಸಾಗುವಾನಿ ತೋಪಿನಲ್ಲಿ ಇನ್ನೊಂದು ತೊಂದರೆಯಿದೆ. ಬೇಸಿಗೆ ಹತ್ತಿರವಾದಂತೆ ಎಲೆಯೆಲ್ಲ ಉದುರಿ ಬೋಳಾಗುವುದರಿಂದ ಹದ್ದಿನ ಕಣ್ಣಿಗೆ ಮರೆಯೂ ಇಲ್ಲ, ಬಾಯಿಗೆ ಹಣ್ಣೂ ಇಲ್ಲ.

ನಾನು ಬೆನ್ನುಹತ್ತಿರುವ ಕಂದು ಮರಬೆಕ್ಕು ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದಕ್ಷಿಣದಲ್ಲಿ ಕಳಕ್ಕಾಡಿನಿಂದ ಹಿಡಿದು ಉತ್ತರದಲ್ಲಿ ಕ್ಯಾಸಲ್‌ರಾಕ್ ತನಕ ಅದರ ವ್ಯಾಪ್ತಿ ಎಂದು ಬಲ್ಲವರು ಬರೆದಿದ್ದಾರೆ, ಅಂದರೆ ಅದರ ಉತ್ತರದ ತುದಿ ಖಾನಾಪುರದ ಅಂಗಳಕ್ಕೆ ತಾಗಿಯೇ ಇದೆ. ಮಾಂಸಾಹಾರಿಗಳ ವರ್ಗಕ್ಕೆ ಸೇರಿದ್ದರೂ ಅದರ ಊಟ ಬಹುಪಾಲು ಹಣ್ಣು. ಹಗಲಿನಲ್ಲಿ ಮರದ ಪೊಟರೆಯಲ್ಲೋ, ಬಳ್ಳಿಗಳ ಹೆಣಿಗೆಯಲ್ಲೋ, ಕೆಂಜಳಿಲು ಬಿಟ್ಟುಹೋದ ಗೂಡಿನಲ್ಲೋ ಮಲಗುತ್ತದೆ. ರಾತ್ರಿ ತಿಂದ ಹಣ್ಣಿನ ಬೀಜವನ್ನು ಇನ್ನೆಲ್ಲೋ ಹಿಕ್ಕೆಯ ಜೊತೆ ಹಾಕುತ್ತದೆ. ನೆಲದ ಮೇಲೂ ಒಂದು ಉದಾಹರಣೆ ಕೊಡಬಹುದು. ಮೂರು ಕಿಲೋ ತೂಕದ ಆಸುಪಾಸಿನ ಕೂರ, ಕೆಲವರು ಬರ್ಕ ಎನ್ನುವ ಪುಟ್ಟ ಜಿಂಕೆಯಂಥ ಪ್ರಾಣಿ, ಹಗಲು ಅಡಗುವುದು ಹಳೆಯ ಮರಗಳ ಬುಡದ ಟೊಳ್ಳಿನಲ್ಲಿ ಅಥವಾ ಬಂಡೆಯ ಸಂದಿನಲ್ಲಿ.

ಸಿಂಗಳೀಕ ನಮ್ಮ ಜಿಲ್ಲೆಯಲ್ಲಿಲ್ಲ, ಆದರೆ ಹೆಚ್ಚು ದೂರವೂ ಇಲ್ಲ. ಶಿರಸಿ ಮತ್ತು ಹೊನ್ನಾವರದ ನಡುವಿನ ಕಾಡುಗಳಲ್ಲಿ ಉಳಿದಿರುವುದೇ ಅದರ ಉತ್ತರದ ಕೊನೆಯ ಗುಂಪುಗಳು, ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು. ವರ್ಷದ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮರದಲ್ಲಿ ಹಣ್ಣಿರುವ ನಿತ್ಯಹಸಿರು ಕಾಡು ಬೇಕು ಎಂಬ ಹಟದ ಪ್ರಾಣಿ ಅದು.

ಬೀಳಗಿ ಬಯಲು

ಮೇಡಂ, ಒಂದೇ ಚೀಲಕ್ಕೆ ತುಂಬಬಾರದು ಎಂದಿರಿ, ಅದನ್ನು ಓದಿ ಸಮಾಧಾನವಾಯಿತು. ನಾನು ಬಾಗಲಕೋಟೆ ಜಿಲ್ಲೆಯವನು. ನಮ್ಮ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರ ಎಂಬ ಹುಲ್ಲೆಗಾಗಿ ವನ್ಯಧಾಮ ಘೋಷಣೆಯಾಯಿತು, ವಿಸ್ತೀರ್ಣ 96 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅಲ್ಲಿ ನೀವು ಹೇಳುವಂಥ ಎತ್ತರದ ಮರಗಳಿಲ್ಲ. ತುಗ್ಗಲಿ, ಕಾರಿ, ಬಾರಿ, ಜಾಲಿ, ನಡುನಡುವೆ ಹುಲ್ಲು, ಕಲ್ಲು. ಚಿಂಕಾರಕ್ಕೆ ಅದೇ ಬೇಕು. ದೂರದವರೆಗೆ ಕಣ್ಣು ಹಾಯಬೇಕು, ಓಡಲು ಜಾಗವಿರಬೇಕು. ತೋಳಕ್ಕೂ ಹಾಗೆಯೇ.

ಆದರೆ ಹೊರಗಿನಿಂದ ಬಂದವರು ಇದನ್ನು ನೋಡಿ "ಪಾಳುಬಿದ್ದ ಜಾಗ" ಎನ್ನುತ್ತಾರೆ, ಪ್ರತಿ ಜೂನ್ ತಿಂಗಳಲ್ಲಿ ಯಾರಾದರೊಬ್ಬರು ಗುಂಡಿ ತೋಡಿ ಸಸಿ ನೆಡುವ ಉತ್ಸಾಹ ತೋರಿಸುತ್ತಾರೆ. ಖಾನಾಪುರದಲ್ಲಿ ಕಡಿದ ಮರಕ್ಕೆ ಪರಿಹಾರವಾಗಿ ನಮ್ಮ ಬಯಲಿನಲ್ಲಿ ಹತ್ತು ಸಸಿ ನೆಟ್ಟರೆ ಏನಾಗುತ್ತದೆ ಎಂದು ನೀವೇ ಯೋಚಿಸಿ. ಅಲ್ಲಿ ಹಾರುವ ಅಳಿಲು ಮನೆ ಕಳೆದುಕೊಳ್ಳುತ್ತದೆ, ಇಲ್ಲಿ ಚಿಂಕಾರ ಬಯಲು ಕಳೆದುಕೊಳ್ಳುತ್ತದೆ, ವರದಿಯಲ್ಲಿ ಮಾತ್ರ ಒಂಬತ್ತು ಮರ ಲಾಭ.

ನಮ್ಮ ಕಡೆಯೂ ಹಳೆಯ ಮರಗಳ ಹಂಗಿನಲ್ಲಿರುವ ಸಸ್ತನಿ ಒಂದಿದೆ, ಅದು ತೊಗಲುಬಾವಲಿ. ಊರ ಹೊರಗಿನ ಹಳೆಯ ಹುಣಸೆ, ಆಲದ ಮರಗಳಲ್ಲಿ ನೂರಾರು ತಲೆಕೆಳಗಾಗಿ ನೇತಾಡುತ್ತವೆ. 1972ರ ಕಾಯ್ದೆಯಲ್ಲಿ ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳ ಸಾಲಿನಲ್ಲಿ ಪೀಡಕ ಪ್ರಾಣಿಗಳ ಪಟ್ಟಿಗೆ ಹಾಕಿದ್ದರು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಮರಗಳು ಮಾತ್ರ ರಸ್ತೆ ಅಗಲವಾದಂತೆ ಒಂದೊಂದಾಗಿ ಹೋಗುತ್ತಲೇ ಇವೆ.

ಟಿಳಕವಾಡಿ ಓದುಗ

ಒಂಬತ್ತು ಮರ ಲಾಭ ಎಂಬ ಮಾತು ಚುಚ್ಚಿತು, ಒಪ್ಪುತ್ತೇನೆ. ಆದರೂ ಎರಡು ಅನುಮಾನಗಳಿವೆ. ಭೀಮಗಡದ ಹೆಗ್ಗಳಿಕೆ ಎಂದು ಎಲ್ಲರೂ ಹೇಳುವ ಬಾರಾಪೇಡೆ ಗವಿಯ ಬಾವಲಿ ಮರದಲ್ಲೇ ಇಲ್ಲ, ಗುಹೆಯಲ್ಲಿದೆ. ಮತ್ತೆ, ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಹುಲಿ, ಚಿರತೆ, ಕಾಡುಕೋಣ, ಕರಡಿ ಎಲ್ಲ ಸಿಗುತ್ತಿವೆ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಹಾಗಿದ್ದರೆ ಕಾಡು ಚೆನ್ನಾಗಿಯೇ ಇದೆ ಎಂದಲ್ಲವೇ?

ಮರಬೆಕ್ಕಿನ ಬೆನ್ನುಹತ್ತಿ

ಬಾವಲಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ರಾಟನ್ ಬಾಲಬಿಚ್ಚಿದ ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ವಿಜ್ಞಾನಕ್ಕೆ ಪರಿಚಯಿಸಿದರು. ಬಹುಕಾಲ ಜಗತ್ತಿನಲ್ಲಿ ಅದು ಗೊತ್ತಿದ್ದದ್ದು ಖಾನಾಪುರ ತಾಲ್ಲೂಕಿನ ಈ ಒಂದು ಗವಿಯಿಂದ ಮಾತ್ರ, ಆ ಬಳಿಕ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿದೆ. ಅದರ ಮನೆ ಗವಿಯ ಚಾವಣಿಯ ಸಂದುಗಳು. ಆದ್ದರಿಂದ ಅದನ್ನು ಹಳೆಯ ಮರದ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ತಪ್ಪು. ಅದಕ್ಕೆ ಬೇಕಾದದ್ದು ಗವಿಯ ಬಾಯಲ್ಲಿ ಹೊಗೆ ಹಾಕದ, ಗದ್ದಲ ಮಾಡದ ಜನ.

ಕಾಡುಪಾಪದ ವಿಷಯದಲ್ಲೂ ಇಂಥದೇ ತಪ್ಪು ಕಲ್ಪನೆ ಇದೆ. ಅದಕ್ಕೆ ದಟ್ಟ ಕಾಡೇ ಬೇಕು ಎನ್ನುತ್ತಾರೆ, ಆದರೆ ತುಮಕೂರು ಜಿಲ್ಲೆಯ ನಾಗವಲ್ಲಿಯಲ್ಲಿ ಅದು ಊರ ಪಕ್ಕದ ತೋಪುಗಳಲ್ಲಿ ಬದುಕಿದೆ. ಅದು ನೆಗೆಯಲಾರದು, ಒಂದು ಕೊಂಬೆಯನ್ನು ಹಿಡಿದೇ ಇನ್ನೊಂದನ್ನು ಬಿಡುತ್ತದೆ. ಹೀಗಾಗಿ ಅದು ಕೇಳುವುದು ಮರದ ವಯಸ್ಸನ್ನಲ್ಲ, ಕೊಂಬೆಗಳ ನಂಟನ್ನು.

ಕ್ಯಾಮೆರಾ ಟ್ರ್ಯಾಪ್ ಬಗ್ಗೆ ನಮ್ಮ ಕೆಲಸದ ಒಂದು ಒಳಗುಟ್ಟನ್ನು ಹೇಳಬೇಕು. ಹುಲಿ ಗಣತಿಗೆ ಆ ಪೆಟ್ಟಿಗೆಯನ್ನು ಮರದ ಬುಡಕ್ಕೆ ಮೊಣಕಾಲೆತ್ತರದಲ್ಲಿ, ಕಾಲುದಾರಿಗೆ ಮುಖಮಾಡಿ ಕಟ್ಟುತ್ತೇವೆ. ಅದರ ಮುಂದೆ ನಡೆದು ಹೋಗುವ ಪ್ರಾಣಿ ಸಿಗುತ್ತದೆ. ಇಪ್ಪತ್ತು ಮೀಟರ್ ಮೇಲೆ ಓಡಾಡುವ ಕೆಂಜಳಿಲು, ಹಾರುವ ಅಳಿಲು ಅದಕ್ಕೆ ಸಿಗುವುದು ಆಕಸ್ಮಿಕ. ಹುಲಿಯಾಗಲಿ ಚಿರತೆಯಾಗಲಿ ಬೇಟೆ ಮತ್ತು ಮರೆ ಸಿಕ್ಕರೆ ನೆಡುತೋಪನ್ನೂ ದಾಟುತ್ತವೆ, ಕಬ್ಬಿನ ಗದ್ದೆಯಲ್ಲೂ ಚಿರತೆ ಮರಿ ಹಾಕುತ್ತದೆ. ನೆಲದ ಮೇಲಿನ ದೊಡ್ಡ ಪ್ರಾಣಿಗಳು ಇವೆ ಎಂಬುದರಿಂದ ನೆತ್ತಿಯ ಮೇಲಿನ ಕಾಡು ಸರಿಯಿದೆ ಎಂದು ತೀರ್ಮಾನಿಸಲು ಆಗುವುದಿಲ್ಲ.

ಹೆಮ್ಮಡಗಾ ಹಾದಿ

ಎಲ್ಲರೂ ಪ್ರಾಣಿಗಳ ಬಗ್ಗೆ ಬರೆದಿದ್ದೀರಿ, ಒಳಗೆ ಇರುವ ಜನರ ಪರವಾಗಿ ನಾನು ನಾಲ್ಕು ಮಾತು ಬರೆಯುತ್ತೇನೆ. ಭೀಮಗಡ ವನ್ಯಧಾಮ ಆದದ್ದು 2011ರ ಡಿಸೆಂಬರಿನಲ್ಲಿ, ನಮ್ಮ ಊರುಗಳು ಅದಕ್ಕಿಂತ ಎಷ್ಟೋ ಹಿಂದಿನವು. ಗವ್ವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವಗಳ ಜನ ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ನಡೆಯುವುದು ಕಥೆಯಲ್ಲ. ನನ್ನ ಚಿಕ್ಕಮ್ಮನನ್ನು ಹೆರಿಗೆ ನೋವಿನಲ್ಲಿ ಕಂಬಳಿಯ ಜೋಲಿಯಲ್ಲಿ ಹೊತ್ತು ತಂದವರಲ್ಲಿ ನಾನೂ ಒಬ್ಬ. ಆದ್ದರಿಂದ "ರಸ್ತೆ ಬೇಡ" ಎಂದು ಊರಲ್ಲಿ ಕುಳಿತು ಬರೆಯುವವರ ಮೇಲೆ ನಮಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಈಗ ಊರು ಬಿಟ್ಟು ಹೊರಗೆ ಬರುವ ಮಾತು ನಡೆದಿದೆ. ಕೆಲವು ಮನೆಗಳು ಒಪ್ಪಿವೆ, ಕೆಲವು ಒಪ್ಪಿಲ್ಲ, ಎರಡೂ ಕಡೆಯವರಿಗೆ ಅವರವರ ಕಾರಣಗಳಿವೆ.

ಅದೇ ಹೊತ್ತಿಗೆ ನಮ್ಮೂರಿನ ದೇವರಾಯಿಯ, ಅಂದರೆ ದೇವರ ಕಾಡಿನ, ವಿಷಯವನ್ನೂ ಹೇಳಬೇಕು. ಗುಡಿಯ ಸುತ್ತ ನಾಲ್ಕೈದು ಎಕರೆ ಇರಬಹುದು. ಅಲ್ಲಿ ಒಣ ಕಡ್ಡಿಯನ್ನೂ ಮನೆಗೆ ತರುವ ಹಾಗಿಲ್ಲ, ತಂದರೆ ದೇವರಿಗೆ ತೆಂಗಿನಕಾಯಿ ಒಡೆದು ತಪ್ಪು ಒಪ್ಪಿಕೊಳ್ಳಬೇಕು ಎಂಬುದು ಹಿರಿಯರ ಕಟ್ಟಳೆ. ಸುಪ್ರೀಂ ಕೋರ್ಟಿನ ಆದೇಶವನ್ನು ಫಾರೆಸ್ಟರ್ ಕಾಕಾ ಬರೆದದ್ದು ಓದಿ ನನಗೆ ನಗು ಬಂತು, ನಮ್ಮ ಅಜ್ಜಿಗೆ ಅದು ಮೊದಲೇ ಗೊತ್ತಿತ್ತು. ಅಲ್ಲಿರುವ ಒಂದು ಬಸರಿ ಮರದ ಒಳಗೆ ಮತ್ತೊಂದು ಮರದ ಅಚ್ಚು ಇದೆ. ಬಸರಿಯ ಬೇರು ಯಾವುದೋ ಹಳೆಯ ಮರವನ್ನು ತಬ್ಬಿ ಬೆಳೆದು, ಆ ಮರ ಸತ್ತು ಮಣ್ಣಾಗಿ, ಈಗ ನಡುವೆ ಒಬ್ಬ ಹುಡುಗ ನಿಲ್ಲುವಷ್ಟು ಖಾಲಿ ಜಾಗ ಉಳಿದಿದೆ. ಬೇರೆ ಮರಗಳಲ್ಲಿ ಏನೂ ಇಲ್ಲದ ತಿಂಗಳಲ್ಲೂ ಅದು ಹಣ್ಣು ಬಿಡುತ್ತದೆ. ಹಗಲು ಶೇಕರು, ರಾತ್ರಿ ಬಾವಲಿ ಮತ್ತು ಮರಬೆಕ್ಕು, ಬೆಳಗಿನ ಜಾವ ಉದುರಿದ್ದನ್ನು ತಿನ್ನಲು ಕಾಡುಕುರಿ, ಹೀಗೆ ಪಾಳಿ ಹಚ್ಚಿದಂತೆ ಬರುತ್ತವೆ.

ನಿವೃತ್ತ ಫಾರೆಸ್ಟರ್

ತಮ್ಮಾ, ನೀನು ಬರೆದ ಬಸರಿ ಮರ ನನಗೆ ಗೊತ್ತು. ಅತ್ತಿ, ಆಲ, ಬಸರಿ, ಗೋಳಿ ಈ ಕುಲದ ಮರಗಳು ಎಲ್ಲ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಅವುಗಳೊಳಗೆ ಪರಾಗ ಒಯ್ಯುವ ಪುಟ್ಟ ಕಣಜ ಬದುಕುಳಿಯಬೇಕಾದರೆ ಕಾಡಿನಲ್ಲಿ ಯಾವಾಗಲೂ ಯಾವುದಾದರೂ ಮರ ಕಾಯಿ ಬಿಡುತ್ತಲೇ ಇರಬೇಕು. ಅದರಿಂದಾಗಿ ಹಣ್ಣು ತಿನ್ನುವ ಪ್ರಾಣಿಗಳಿಗೆ ಬರಗಾಲದ ಊಟ ಸಿಗುತ್ತದೆ. ಈ ಮರಗಳು ಹುಟ್ಟುವುದೂ ಹೆಚ್ಚಾಗಿ ಮತ್ತೊಂದು ಮುದಿ ಮರದ ಸಂದಿಯಲ್ಲಿ ಬಿದ್ದ ಬೀಜದಿಂದಲೇ. ಮುದಿ ಮರವಿಲ್ಲದಿದ್ದರೆ ಬಸರಿಯೂ ಇಲ್ಲ. ನರ್ಸರಿಯ ಪಟ್ಟಿಯಲ್ಲಿ ಇವುಗಳ ಹೆಸರು ನಾನು ಬಹಳ ಕಡಿಮೆ ಕಂಡಿದ್ದೇನೆ, ಏಕೆಂದರೆ ಇವುಗಳಿಂದ ನಾಟಾ ಬರುವುದಿಲ್ಲ.

ಖಾನಾಪುರದ ಮೇಷ್ಟ್ರು

ಹೆಮ್ಮಡಗಾ ಹಾದಿಯವರು ಬರೆದದ್ದನ್ನು ಎರಡು ಸಲ ಓದಿದೆ. ರಸ್ತೆ ಬೇಡ ಎಂದು ನಾನು ಬರೆದಿಲ್ಲ, ಆದರೆ ಹಾಗೆ ಕೇಳಿಸಿರಬಹುದು ಎಂದು ಈಗ ಅರ್ಥವಾಗುತ್ತಿದೆ. ಭಾನುವಾರ ಮತ್ತೆ ಹೋಗಿ, ಈ ಸಲ ಮರವನ್ನು ಬಿಟ್ಟು ರಸ್ತೆಯನ್ನು ಅಳೆದೆ. ಈಗಿರುವ ಡಾಂಬರಿನ ಅಗಲ ಮೂರೂವರೆ ಮೀಟರ್. ಎರಡೂ ಬದಿಯ ಮರಗಳ ಕೊಂಬೆಗಳು ನಡುವೆ ಕೈ ಕುಲುಕುವಂತೆ ಕೂಡಿಕೊಂಡಿವೆ. ಕೆಂಪು ಅಂಕಿ ಬಿದ್ದ ಮರಗಳೆಲ್ಲ ಹೋದರೆ ನೆತ್ತಿಯ ಕಂಡಿ ನನ್ನ ಅಂದಾಜಿನಲ್ಲಿ 14 ಮೀಟರ್ ಆಗುತ್ತದೆ. ಮೇಡಂ ಹೇಳಿದ 6 ಮೀಟರಿನ ನೆಗೆತಕ್ಕೆ ಅದು ಎರಡು ಪಟ್ಟಿಗಿಂತ ಹೆಚ್ಚು. ಮಾಗಿಯ ಬಿಸಿಲಿನಲ್ಲಿ ತಲೆಯೆತ್ತಿ ಎಣಿಸಿದಾಗ ಒಂದು ಕಿಲೋಮೀಟರಿನೊಳಗೆ ಕೆಂಜಳಿಲಿನ ಗೂಡುಗಳು ಐದು ಕಂಡವು, ಮೂರು ಒಂದು ಬದಿಗೆ, ಎರಡು ಇನ್ನೊಂದು ಬದಿಗೆ. ಒಂದೇ ಅಳಿಲು ಐದನ್ನೂ ಬಳಸುತ್ತಿದ್ದರೂ ಆಶ್ಚರ್ಯವಿಲ್ಲ.

ಎಲ್ಲ ಮರಗಳೂ ಒಂದೇ ತೂಕದವಲ್ಲ ಎಂಬುದು ಅಳೆಯುವಾಗ ಗೊತ್ತಾಯಿತು. ಅಂಕಿ ಹಾಕಿದ 41 ಮರಗಳಲ್ಲಿ ಹೆಚ್ಚಿನವು ಒಂದು ಮೀಟರಿಗಿಂತ ಕಡಿಮೆ ಸುತ್ತಳತೆಯ ಅಕೇಶಿಯಾ. ಅವು ಹೋದರೆ ನಾನು ಕಣ್ಣೀರು ಹಾಕುವುದಿಲ್ಲ. ಪೊಟರೆಯಿರುವ ದೊಡ್ಡ ಮರಗಳು ನಾಲ್ಕೇ ನಾಲ್ಕು: ಎರಡು ನಂದಿ, ಒಂದು ಮತ್ತಿ, ಒಂದು ತಾರೆ.

ಟಿಳಕವಾಡಿ ಓದುಗ

ನಾಲ್ಕು ಎಂದಮೇಲೆ ಮಾತು ಬೇರೆಯಾಯಿತು. ನಾಲ್ಕು ಮರಗಳಿರುವ ಕಡೆ ರಸ್ತೆಯನ್ನು ಒಂದೇ ಬದಿಗೆ ಅಗಲಿಸಬಹುದಲ್ಲ? ನಾನು ವೃತ್ತಿಯಿಂದ ಸಿವಿಲ್ ಕೆಲಸದವನು, ಇದನ್ನು ಮೊದಲೇ ಹೇಳಬೇಕಿತ್ತು. ನಕ್ಷೆಯಲ್ಲಿ ಮಧ್ಯರೇಖೆಯನ್ನು ಎರಡು ಮೀಟರ್ ಸರಿಸುವುದು ದೊಡ್ಡ ವಿಷಯವಲ್ಲ, ಕೆಲಸ ಶುರುವಾಗುವ ಮೊದಲು ಯಾರಾದರೂ ಹೇಳಬೇಕು ಅಷ್ಟೇ. ಕಡಿಯಲೇಬೇಕಾಗಿ ಬಂದರೆ ಹಲಗೆಯ ಗೂಡುಪೆಟ್ಟಿಗೆ ಕಟ್ಟಿದರೆ ಹೇಗೆ?

ಮರಬೆಕ್ಕಿನ ಬೆನ್ನುಹತ್ತಿ

ಗೂಡುಪೆಟ್ಟಿಗೆಯನ್ನು ತೀರ ತಳ್ಳಿಹಾಕುವುದಿಲ್ಲ. ಆದರೆ ದಪ್ಪ ಮರದ ಗೋಡೆ ಬೇಸಿಗೆಯ ಸೆಕೆಯನ್ನು ತಡೆಯುವಂತೆ ಒಂದಿಂಚಿನ ಹಲಗೆ ತಡೆಯುವುದಿಲ್ಲ. ನಮ್ಮ ಮಳೆಗೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ, ಜೇನು ಕೂತರೆ ಪ್ರಾಣಿ ಹೋಗುವುದಿಲ್ಲ, ಪ್ರತಿ ವರ್ಷ ಹತ್ತಿ ನೋಡುವವರು ಬೇಕು. ನೆತ್ತಿಯ ಕಂಡಿಗೆ ಮಾತ್ರ ಒಂದು ಉಪಾಯ ಬೇರೆಡೆ ಕೆಲಸ ಮಾಡಿದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಸಿಂಗಳೀಕಗಳಿಗಾಗಿ ಅಗ್ನಿಶಾಮಕ ಕೊಳವೆಯ ಬಟ್ಟೆಯಿಂದ ತೂಗುಸೇತುವೆ ಕಟ್ಟಿದ್ದಾರೆ, ಪ್ರಾಣಿಗಳು ಅದನ್ನು ಬಳಸುತ್ತಿವೆ. ಆದರೆ ಸೇತುವೆ ಕಟ್ಟಲು ಎರಡೂ ಬದಿಯಲ್ಲಿ ಗಟ್ಟಿಮುಟ್ಟಾದ ಮರ ನಿಂತಿರಬೇಕು ಎಂಬುದನ್ನು ಮರೆಯಬಾರದು. ಓದುಗರು ಸೂಚಿಸಿದ ಮಧ್ಯರೇಖೆ ಸರಿಸುವ ದಾರಿಯೇ ಅಗ್ಗ, ಅದೇ ಮೇಲು.

ನಿವೃತ್ತ ಫಾರೆಸ್ಟರ್

ಅರ್ಜಿಯನ್ನು ಹೀಗೆ ಬರೆಯಿರಿ ಗುರುಗಳೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡುವವರು ವೃಕ್ಷಾಧಿಕಾರಿ, ಆದ್ದರಿಂದ ಪತ್ರ ಅವರ ಹೆಸರಿಗೇ ಇರಲಿ, ಪ್ರತಿ ರಸ್ತೆ ಕೆಲಸ ಮಾಡಿಸುವವರಿಗೆ ಹೋಗಲಿ. "ಮರ ಕಡಿಯಬೇಡಿ" ಎಂದು ಬರೆದರೆ ಫೈಲಿನಲ್ಲಿ ಮಲಗುತ್ತದೆ. ನಾಲ್ಕು ಮರಗಳ ಅಂಕಿ, ಜಾತಿ, ಸುತ್ತಳತೆ, ಪೊಟರೆಯ ಎತ್ತರ, ಯಾವ ದಿನ ಯಾವ ಹೊತ್ತಿಗೆ ಯಾವ ಪ್ರಾಣಿ ಕಂಡಿತು ಎಂಬುದನ್ನು ಕೋಷ್ಟಕ ಮಾಡಿ, ಫೋಟೋ ಹಚ್ಚಿ. ಸಿವಿಲ್ ಕೆಲಸದವರು ಒಂದು ಕೈನಕ್ಷೆ ಬರೆದು ಕೊಟ್ಟರೆ ಇನ್ನೂ ಬಲ ಬರುತ್ತದೆ. ಹೆಮ್ಮಡಗಾದ ತಮ್ಮನ ಸಹಿ ಎಲ್ಲಕ್ಕಿಂತ ಮೇಲೆ ಇರಲಿ, ರಸ್ತೆ ಬೇಕು ಎನ್ನುವವನೇ ಮರವೂ ಇರಲಿ ಎಂದರೆ ಓದುವವರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ.

ಹೆಮ್ಮಡಗಾ ಹಾದಿ

ಸಹಿ ಹಾಕುತ್ತೇನೆ ಕಾಕಾ. ರಸ್ತೆಯ ಕೆಲಸ ಮಳೆಗಾಲಕ್ಕೆ ಮೊದಲು ಮುಗಿಯಬೇಕು ಎಂಬ ಸಾಲನ್ನೂ ಅದರಲ್ಲಿ ಸೇರಿಸಿ.

ಖಾನಾಪುರದ ಮೇಷ್ಟ್ರು

ಸೇರಿಸಿದ್ದೇನೆ. ಓದುಗರು ಕೈನಕ್ಷೆ ಕಳಿಸಿದರು, ಧನ್ಯವಾದಗಳು. ಅರ್ಜಿ ಸೋಮವಾರ ಕೊಡುತ್ತೇವೆ.

ಕೋಷ್ಟಕಕ್ಕೆಂದು ನಿನ್ನೆ ಸಂಜೆ 17ನೇ ನಂಬರಿನ ನಂದಿಯ ಕೆಳಗೆ, ಗದ್ದೆಯ ಬದುವಿನ ಮೇಲೆ, ಟಾರ್ಚಿಗೆ ಕೆಂಪು ಗಾಜುಹಾಳೆ ಸುತ್ತಿಕೊಂಡು ಕುಳಿತಿದ್ದೆ. 6 ಗಂಟೆ 52 ನಿಮಿಷಕ್ಕೆ ಪೊಟರೆಯ ಬಾಯಲ್ಲಿ ಮೂಗು ಕಂಡಿತು. ಅದು ಆರು ನಿಮಿಷ ಅಲ್ಲಾಡಲಿಲ್ಲ, ನಾನೂ ಅಲ್ಲಾಡಲಿಲ್ಲ, ಸೊಳ್ಳೆಗಳು ಮಾತ್ರ ತಮ್ಮ ಕೆಲಸ ಮಾಡಿದವು. 6 ಗಂಟೆ 58ಕ್ಕೆ ಅದು ಹೊರಬಂದು, ಸವೆದ ಅಂಚಿನ ಮೇಲೆ ಒಂದು ಕ್ಷಣ ಕುಳಿತು, ಬಾಲವನ್ನು ಬೆನ್ನಿನ ಮೇಲೆ ಹಾಕಿಕೊಂಡು ಮೇಲಿನ ಕೊಂಬೆಗೆ ಏರಿತು. ಅಲ್ಲಿಂದ ಮುಂಗಾಲು ಹಿಂಗಾಲು ಅಗಲಿಸಿ, ಒಗೆದ ಟವೆಲನ್ನು ಗಾಳಿಗೆ ಬಿಟ್ಟ ಹಾಗೆ ರಸ್ತೆಯ ಮೇಲೆ ಜಾರಿ, ಆಚೆ ಬದಿಯ 22ನೇ ನಂಬರಿನ ಮತ್ತಿ ಮರದ ಬೊಡ್ಡೆಗೆ ಹತ್ತಿಕೊಂಡಿತು. ಹೊರಡಬೇಕೆಂದು ಎದ್ದಾಗ ಪೊಟರೆಯ ಬಾಯಲ್ಲಿ ಇನ್ನೊಂದು ಮುಖ, ಮೊದಲಿನದಕ್ಕಿಂತ ಚಿಕ್ಕದು, ಕಾಣಿಸಿತು. ಅದು ಹೊರಗೆ ಬರಲಿಲ್ಲ. ಅದನ್ನೂ ಎರಡನೆಯ ಪುಟದಲ್ಲಿ ಬರೆದಿದ್ದೇನೆ.